ಏಳನೇ ದಿನ, ಕೈಯಲ್ಲಿ ಹಳದಿ ದಾರ

ಅಕ್ಕ ಆ ಕಾಗದವನ್ನು ಊಟದ ಮೇಜಿನ ಮೇಲೆ ಇಟ್ಟಳು ಎಂದು ಬರೆಯಹೊರಟೆ. ಆದರೆ ಆಗ ನಮ್ಮ ವಿಜಯನಗರದ ಮನೆಯಲ್ಲಿ ಊಟದ ಮೇಜೇ ಇರಲಿಲ್ಲ. ಅದು ಬಂದದ್ದು ಎರಡು ಮೂರು ವರ್ಷ ಆದಮೇಲೆ. ಹಾಗಾದರೆ ಎಲ್ಲಿಟ್ಟಳು? ನನ್ನ ಕೈಗೇ ಕೊಟ್ಟಿರಬೇಕು. ಕಾಗದವಂತೂ ನಿಜ. ಕಾಲೇಜಿನ ಕೆಮಿಸ್ಟ್ರಿ ರೆಕಾರ್ಡ್ ಪುಸ್ತಕದಿಂದ ಹರಿದ ಹಾಳೆ, ಒಂದು ಬದಿ ಗೆರೆ, ಇನ್ನೊಂದು ಬದಿ ಖಾಲಿ. ಖಾಲಿ ಬದಿಯಲ್ಲಿ ಅವಳ ಗುಂಡು ಅಕ್ಷರ: ಮೊದಲನೇ ದಿನ ಆಪರೇಷನ್. ಎರಡನೇ ದಿನ ಮನೆಗೆ. ಏಳನೇ ದಿನ ಪ್ಲಾಸ್ಟರ್ ತೆಗೆಯುವುದು. ಎಂಟು, ಒಂಬತ್ತು, ಹತ್ತು ವಿಶ್ರಾಂತಿ. ಹನ್ನೊಂದನೇ ದಿನ ಕಾಲೇಜು.

"ದಸರಾ ರಜ ಹತ್ತು ದಿನ. ಸರಿಯಾಗಿ ಕೂರುತ್ತೆ ನೋಡು" ಅಂದಳು.

"ಏಳು ದಿನ ಅಂತ ಯಾರು ಹೇಳಿದ್ದು?"

"ಹೇಳೋದೇನು, ನೋಡಿದೀನಿ. ಇಂಟರ್ನೆಟ್ಟಲ್ಲಿ ವಿಡಿಯೋ ಇದೆ. ಏಳನೇ ದಿನ ಪ್ಲಾಸ್ಟರ್ ಬಿಚ್ತಾರೆ, ಕನ್ನಡಿ ಕೊಡ್ತಾರೆ, ಆ ಹುಡುಗಿ ನಗ್ತಾಳೆ. ಮುಗೀತು."

ಅಕ್ಕ ಬಸವೇಶ್ವರನಗರದ ಒಂದು ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಳು. ಮೂವತ್ತು ದಾಟಿತ್ತು. ಅವಳ ಮೂಗು ಮಧ್ಯದಲ್ಲಿ ಉಬ್ಬಿ, ಎಡಕ್ಕೆ ಬಾಗಿ, ತುದಿ ಕೆಳಗಿಳಿದಿತ್ತು. ಹುಡುಗರು ಅವಳಿಗೆ 'ಗಿಳಿ ಮಿಸ್' ಎಂದು ಹೆಸರಿಟ್ಟಿದ್ದರು. ತಿಂಗಳಿಗೊಮ್ಮೆಯಾದರೂ ಬೋರ್ಡಿನ ಮೂಲೆಯಲ್ಲಿ ಒಂದು ಗಿಳಿ ಕಾಣಿಸಿಕೊಳ್ಳುತ್ತಿತ್ತು. ಅವಳು ಡಸ್ಟರ್ ತೆಗೆದುಕೊಂಡು ಒರೆಸಿ, ಏನೂ ಆಗದ ಹಾಗೆ ಪಾಠ ಶುರು ಮಾಡುತ್ತಿದ್ದಳಂತೆ. ಅವಳಿಗೆ ಬೇಕಾಗಿದ್ದದ್ದು ಸುಂದರ ಮೂಗಲ್ಲ. ಯಾರಿಗೂ ಏನೂ ಹೇಳದೆ, ಯಾರ ಕಣ್ಣಿಗೂ ಪಟ್ಟಿ ಕಟ್ಟಿದ ಮುಖ ಬೀಳದೆ, ರಜೆ ಮುಗಿಸಿಕೊಂಡು ಸುಮ್ಮನೆ ತರಗತಿಗೆ ನಡೆದುಹೋಗುವುದು ಬೇಕಾಗಿತ್ತು. "ಊದಿದ ಮುಖ ಹೊತ್ಕೊಂಡು ಹೋದೆ ಅಂದ್ರೆ ಮುಗೀತು, ರಿಟೈರ್ ಆಗೋವರೆಗೂ ಅದೇ ಕತೆ" ಎನ್ನುತ್ತಿದ್ದಳು.

ಮೂಗು ಹಾಗಾದದ್ದು ಹೇಗೆ ಎಂಬುದಕ್ಕೆ ಮನೆಯಲ್ಲಿ ಎರಡು ಕತೆಗಳಿದ್ದವು. ಅಮ್ಮನ ಪ್ರಕಾರ ಅದು ಅಜ್ಜಿಯ ಮೂಗು. ಅಕ್ಕನ ಪ್ರಕಾರ ಎಂಟನೇ ವಯಸ್ಸಿನಲ್ಲಿ ಸೈಕಲ್ಲಿನಿಂದ ಬಿದ್ದದ್ದು. ಆ ಸೈಕಲ್ಲಿನ ಕ್ಯಾರಿಯರ್ ಮೇಲೆ ನಾನಿದ್ದೆನಂತೆ, ಜಗ್ಗಿದೆನಂತೆ. ಹಾಗಿದ್ದಿದ್ದರೆ ಈ ಬರಹಕ್ಕೆ ಎಷ್ಟು ಅನುಕೂಲ! ಆದ್ದರಿಂದಲೇ ಅದನ್ನು ನಾನು ನಂಬುವುದಿಲ್ಲ. ಆ ಸೈಕಲ್ಲನ್ನು ಇಲ್ಲಿಗೇ ಬಿಡುತ್ತೇನೆ.

ನನ್ನ ಕಸುಬು ಮದುವೆ ವಿಡಿಯೋ. ಮಾರೇನಹಳ್ಳಿಯಲ್ಲಿ ಪಾತ್ರೆ ಅಂಗಡಿಯ ಮೇಲೆ ಒಂದು ಕೋಣೆ, ಒಂದು ಕ್ಯಾಮೆರಾ, ಮಿಕ್ಸಿಂಗ್ ಮಾಡುವ ಒಂದು ಕಂಪ್ಯೂಟರ್. ನಾವು ಎಡಿಟಿಂಗ್ ಎನ್ನುತ್ತಿರಲಿಲ್ಲ, ಮಿಕ್ಸಿಂಗ್ ಎನ್ನುತ್ತಿದ್ದೆವು. ಯಾವುದನ್ನು ಯಾವುದರ ಜೊತೆ ಬೆರೆಸುತ್ತಿದ್ದೇವೆ ಎಂದು ಯಾರೂ ಕೇಳುತ್ತಿರಲಿಲ್ಲ. ಹಾಗಾಗಿ ವಿಡಿಯೋ ಎಂದ ಕೂಡಲೇ ನನಗೆ ಅನುಮಾನ. ಅಡುಗೆಯವನು ಹೋಟೆಲಿನಲ್ಲಿ ಊಟ ಮಾಡುವಾಗಿನ ಅನುಮಾನ.

"ಯಾವ ವಿಡಿಯೋ, ತೋರಿಸು" ಎಂದೆ.

ಮನೆಯಲ್ಲಿ ಇಂಟರ್ನೆಟ್ ಇರಲಿಲ್ಲ. ಮಾರನೆಯ ದಿನ ಸಂಜೆ ಅವಳು ಹೋಗುವ ಸೈಬರ್ ಸೆಂಟರಿಗೇ ಹೋದೆವು. ಪ್ಲೈವುಡ್ಡಿನ ಗೂಡುಗಳು, ಒಂದೊಂದರಲ್ಲಿ ಒಂದು ಕುರ್ಚಿ. ಅಕ್ಕ ಕುಳಿತಳು, ನಾನು ಬೆನ್ನಿಗೆ ನಿಂತೆ. ವಿಡಿಯೋ ಎರಡು ಸೆಕೆಂಡು ಓಡುವುದು, ನಿಲ್ಲುವುದು, ಚಕ್ರ ಸುತ್ತುವುದು. ಅಕ್ಕನಿಗೆ ಅಭ್ಯಾಸವಾಗಿತ್ತು. ನಿಂತಾಗೆಲ್ಲ ಮುಂದೇನು ಬರುತ್ತದೆ ಎಂದು ಅವಳೇ ಹೇಳುತ್ತಿದ್ದಳು. "ಈಗ ಹಳೇ ಮೂಗು ತೋರಿಸ್ತಾರೆ. ಈಗ ಡಾಕ್ಟರು ಗೆರೆ ಎಳೀತಾರೆ. ಈಗ ಬರುತ್ತೆ ನೋಡು."

ಬಂತು. ಕಪ್ಪು ಪರದೆಯ ಮೇಲೆ ಗುಲಾಬಿ ದಳಗಳು ಉದುರಿದವು. ದಳಗಳ ನಡುವಿನಿಂದ ಚಿನ್ನದ ಬಣ್ಣದ ಇಂಗ್ಲಿಷ್ ಅಕ್ಷರಗಳು ಮೇಲೆದ್ದವು: ಸೆವೆಂತ್ ಡೇ.

ಅವು ನನ್ನ ದಳಗಳು. ಮದುಮಕ್ಕಳ ಹೆಸರು ಬರುವಾಗ ಉದುರಿಸುತ್ತಿದ್ದ ದಳಗಳು. ಆ ಅಕ್ಷರ ಟೈಪು ಮಾಡಿದ ಬೆರಳುಗಳು ಅಕ್ಕನ ಕುರ್ಚಿಯ ಬೆನ್ನನ್ನು ಹಿಡಿದುಕೊಂಡಿದ್ದವು.

"ನಿನ್ನ ಮದುವೆ ವಿಡಿಯೋ ತರಾನೇ ಇದೆ ಅಲ್ವೇನೋ?" ಅಂದಳು ಅಕ್ಕ, ತಿರುಗದೆ.

"ಎಲ್ರೂ ಅದೇ ಸಾಫ್ಟ್‌ವೇರ್ ಹಾಕ್ಕೊಂಡಿರ್ತಾರೆ" ಎಂದೆ.

ಪರದೆಯಲ್ಲಿ ಡಾಕ್ಟರು ಹುಡುಗಿಯ ಮೂಗಿನ ಮೇಲಿನ ಪ್ಲಾಸ್ಟರನ್ನು ಮೆಲ್ಲಗೆ ಬಿಚ್ಚಿದರು. ಕೆಳಗೆ ನೆಟ್ಟಗಿನ, ನುಣುಪಾದ ಮೂಗು. ಹುಡುಗಿ ಕನ್ನಡಿ ನೋಡಿ, ಕೈಯೆತ್ತಿ ಮೂಗು ಮುಟ್ಟಿಕೊಂಡು ನಕ್ಕಳು. ಅಕ್ಕನೂ ನಕ್ಕಳು. ಎಷ್ಟನೆಯ ಸಲವೋ.

ಆ ವರ್ಷದ ಆಷಾಢದಲ್ಲಿ ರಾಜಾಜಿನಗರದ ಆ ಕ್ಲಿನಿಕ್ಕಿನವರು ನನ್ನನ್ನು ಕರೆದಿದ್ದರು. ಆಷಾಢದಲ್ಲಿ ಮದುವೆಗಳಿಲ್ಲ, ನಾನು ಲೆನ್ಸ್ ಒರೆಸಿಕೊಂಡು ಕುಳಿತಿರುತ್ತಿದ್ದೆ, ಒಪ್ಪಿಕೊಂಡೆ. ಆಪರೇಷನ್ನಿನ ದಿನ ಚೆನ್ನಾಗಿ ತೆಗೆದೆ. ಪ್ಲಾಸ್ಟರ್ ಬಿಚ್ಚುವ ದಿನ, ಅಂದರೆ ನಿಜವಾದ ಏಳನೇ ದಿನ, ಡಾಕ್ಟರು ಬಿಚ್ಚತೊಡಗಿದಾಗ ಕ್ಯಾಸೆಟ್ ಮುಗಿಯಿತು. ಹೊಸ ಕ್ಯಾಸೆಟ್ ಹಾಕಿ ತಲೆಯೆತ್ತುವಷ್ಟರಲ್ಲಿ ಎಲ್ಲ ಆಗಿಹೋಗಿತ್ತು.

ಮದುವೆ ವಿಡಿಯೋದವರಿಗೆ ಇದು ದೊಡ್ಡ ಸಂಗತಿಯಲ್ಲ. ಮುಹೂರ್ತ ತಪ್ಪಿಹೋದರೆ ನಾವು ಮದುಮಗನನ್ನು ಮತ್ತೆ ನಿಲ್ಲಿಸುತ್ತೇವೆ. "ತಾಳಿ ಕಟ್ಟೋ ತರ ಕೈ ಇಡಿ ಸಾರ್, ಗಂಟಿನ ಹತ್ರ, ಹಾಂ, ಇತ್ಲಾಗೆ ನೋಡಿ." ಪುರೋಹಿತರು "ಬೇಗ ಆಗಲಪ್ಪಾ" ಎಂದು ಗೊಣಗುತ್ತಾರೆ. ನೆಂಟರು ನೆಲಕ್ಕೆ ಬಿದ್ದ ಅಕ್ಷತೆಯನ್ನೇ ಬಾಚಿ ಮತ್ತೊಮ್ಮೆ ಎರಚುತ್ತಾರೆ. ಯಾರಿಗೂ ಅದು ಸುಳ್ಳು ಅನ್ನಿಸುವುದಿಲ್ಲ. ತಾಳಿ ಕಟ್ಟಿದ್ದಂತೂ ನಿಜವೇ, ನಾವು ತೋರಿಸುವುದು ಅದನ್ನೇ, ಅಷ್ಟೇ ತಾನೇ.

ಆ ಹುಡುಗಿ ಮತ್ತೆ ಕ್ಲಿನಿಕ್ಕಿಗೆ ಬಂದಾಗ ಅವಳಿಗೆ ಹೊಸ ಪ್ಲಾಸ್ಟರ್ ಅಂಟಿಸಿ, ಇನ್ನೊಂದು ಸಲ ಬಿಚ್ಚಿದೆವು. ಯಾರು ಮೊದಲು ಹೇಳಿದ್ದು? ಡಾಕ್ಟರೇ ಹೇಳಿದರು ಎಂದು ನಾನು ಬಹಳ ಕಾಲ ನೆನಪಿಟ್ಟುಕೊಂಡಿದ್ದೆ. ಮತ್ತೆ ಬಂದದ್ದು ಎಷ್ಟು ದಿನದ ಮೇಲೆ? 'ಸ್ವಲ್ಪ ದಿನ' ಎಂದು ನೆನಪಿಟ್ಟುಕೊಂಡಿದ್ದೆ.

ಸೈಬರಿನಿಂದ ಬಂದ ಮೇಲೆ ಮೂರು ದಿನ ನಾನು ಬಾಯಿ ಬಿಡಲಿಲ್ಲ. ಆಪರೇಷನ್ನಿಗೆ ರಜೆಯ ಮೊದಲ ದಿನವೇ ನಿಗದಿಯಾಗಿತ್ತು, ಅದೂ ಅದೇ ಕ್ಲಿನಿಕ್ಕಿನಲ್ಲಿ. ಒಂದು ವಾರ ಮಾತ್ರ ಉಳಿದಿತ್ತು. ಹೇಳಿದರೆ ನನ್ನ ಕೆಲಸದ ಮರ್ಯಾದೆ ಹೋಗುತ್ತದೆ ಎಂಬ ಅಳುಕು ಒಂದು. ಇನ್ನೊಂದು ಇನ್ನೂ ಕೆಟ್ಟದ್ದು: ನನಗೆ ಅಕ್ಕನ ಮೂಗು ಬದಲಾಗುವುದೇ ಇಷ್ಟವಿರಲಿಲ್ಲ. ಹಾಗಿರುವಾಗ ನಾನು ಹೇಳಹೊರಟಿರುವುದು ನಿಜವೋ, ಅವಳನ್ನು ತಡೆಯಲು ಹುಡುಕಿಕೊಂಡ ನೆಪವೋ?

ಭಾನುವಾರ ಮಧ್ಯಾಹ್ನ ಅಕ್ಕ ಹುರುಳಿಕಾಯಿಯ ನಾರು ಬಿಡಿಸುತ್ತಿದ್ದಳು. ಅಮ್ಮ ಪಕ್ಕದಲ್ಲಿ ಕುಳಿತು ಕಾಯಿ ಮುರಿಯುತ್ತಿದ್ದಳು. ಹೇಳಿಬಿಟ್ಟೆ.

"ಅಕ್ಕ, ಆ ವಿಡಿಯೋ ಮಾಡಿದ್ದು ನಾನೇ. ಅದು ಏಳನೇ ದಿನ ಅಲ್ಲ. ಆಮೇಲೆ ಯಾವತ್ತೋ ಡಾಕ್ಟರು ಹೇಳಿದ್ರು ಅಂತ ಮತ್ತೆ ತೆಗೆದಿದ್ದು."

ಅಕ್ಕ ಕಾಯಿ ಕೆಳಗಿಡಲಿಲ್ಲ. "ಅಮ್ಮ ಹೇಳಿಕೊಟ್ಟಿದ್ದಾ ಇದು?"

"ನಾನೇನೂ ಹೇಳಿಲ್ಲಮ್ಮ" ಅಂದಳು ಅಮ್ಮ. "ನಾನು ಹೇಳೋದಿದ್ರೆ ನೇರವಾಗೇ ಹೇಳ್ತೀನಿ. ಬೇಡ ಕಣೇ. ನಮ್ಮಮ್ಮನ ಮೂಗದು. ಅವಳೇನು ಆ ಮೂಗಿಟ್ಕೊಂಡು ಬಾಳಲಿಲ್ವಾ?"

"ನೋಡ್ದ್ಯಾ? ಇಬ್ರೂ ಸೇರ್ಕೊಂಡಿದೀರ."

"ಇಲ್ಲ ಅಕ್ಕ. ಆ ಗುಲಾಬಿ ಎಸಳು ನೀನೇ ಗುರುತು ಹಿಡಿದ್ಯಲ್ಲ."

"ಎಲ್ರೂ ಅದೇ ಸಾಫ್ಟ್‌ವೇರ್ ಹಾಕ್ತಾರೆ ಅಂದೋನು ನೀನೇ. ಅವತ್ತು ಸುಳ್ಳು ಹೇಳಿದ್ಯೋ, ಇವತ್ತು ಹೇಳ್ತಿದ್ಯೋ? ದೊಡ್ಡಪ್ಪನ ಮಗಳ ಮದುವೇಲಿ ಭಾವನ ಹತ್ರ ಮೂರು ಸಲ ತಾಳಿ ಹಿಡಿಸಿದ್ಯಲ್ಲ, ನಿನ್ನ ಮಾತು ನಂಬಿ ನಾನು ಡೇಟ್ ಬಿಡ್ಲಾ? ನಾನು ಕಣ್ಣಾರೆ ನೋಡಿದೀನಿ ಕಣೋ."

ಕಣ್ಣಾರೆ. ಅವಳು ನೋಡಿದ್ದು ನಿಜ. ಪ್ರಯೋಗಶಾಲೆಯಲ್ಲಿ ಹುಡುಗರ ರೀಡಿಂಗನ್ನು ಮೂರು ಸಲ ತಪಾಸಣೆ ಮಾಡುವ ಹೆಂಗಸು, ಪರದೆಯ ಮೇಲಿನ ಬರಹವನ್ನು ಒಂದೇ ಸಲಕ್ಕೆ ಒಪ್ಪಿಕೊಂಡಿದ್ದಳು. ಯಾಕೆಂದರೆ ಅದು ಅವಳ ರಜೆಗೆ ಹೊಂದುತ್ತಿತ್ತು.

ಅವಳೇ ಕೊನೆಗೆ, "ಸರಿ, ನಿನ್ನದೇ ಆದ್ರೆ ಒರಿಜಿನಲ್ ಇರಬೇಕಲ್ಲ. ತಂದು ತೋರಿಸು" ಅಂದಳು.

ಒರಿಜಿನಲ್ ಇರಲಿಲ್ಲ, ಅಥವಾ ಇತ್ತು, ಬೇರೆಯದರ ಕೆಳಗೆ. ನಾವು ಒಂದೇ ಕ್ಯಾಸೆಟ್ಟಿನ ಮೇಲೆ ಮತ್ತೆ ಮತ್ತೆ ರೆಕಾರ್ಡ್ ಮಾಡುತ್ತಿದ್ದೆವು. ಲೇಬಲ್ ಮೇಲೆ ಲೇಬಲ್. ನಾಲ್ಕೈದು ಕ್ಯಾಸೆಟ್ ಹಾಕಿ ನೋಡಿದ ಮೇಲೆ ಸಿಕ್ಕಿತು. ಮೇಲಿನ ಲೇಬಲ್ಲಿನಲ್ಲಿ 'ಕೆಂಗೇರಿ ಸೀಮಂತ' ಎಂದಿತ್ತು. ಅದನ್ನು ಕೆರೆದರೆ ಕೆಳಗೆ ಕ್ಲಿನಿಕ್ಕಿನದು. ಕ್ಯಾಮೆರಾವನ್ನೇ ಮನೆಗೆ ತಂದು ಟೀವಿಗೆ ಜೋಡಿಸಿದೆ. ಮೂವರೂ ಕುಳಿತು ಗುರುತಿಲ್ಲದವರ ಸೀಮಂತ ನೋಡಿದೆವು. "ಬಳೆ ಚೆನ್ನಾಗಿದೆ" ಅಂದಳು ಅಮ್ಮ. ಸೀಮಂತ ಮುಗಿಯಿತು. ಪರದೆ ಒಂದು ಕ್ಷಣ ನೀಲಿಯಾಯಿತು. ಆಮೇಲೆ ಬಿಳಿ ಗೋಡೆ, ಹುಡುಗಿ, ಡಾಕ್ಟರ ಕೈ. ಕೆಲವೇ ನಿಮಿಷ ಉಳಿದಿತ್ತು.

"ತಾರೀಕು?" ಎಂದಳು ಅಕ್ಕ. ಮೂಲೆಯಲ್ಲಿ ತಾರೀಕು ಬರುವಂತೆ ಮಾಡಿದೆ. ಜನವರಿ ಒಂದು, ಎರಡು ಸಾವಿರ. ಕ್ಯಾಮೆರಾದ ಒಳಗಿನ ಚಿಕ್ಕ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿತ್ತು. ಆ ಕ್ಯಾಮೆರಾದಲ್ಲಿ ಎಲ್ಲರೂ ಜನವರಿ ಒಂದನೇ ತಾರೀಕೇ ಮದುವೆಯಾಗಿದ್ದರು.

"ಭಾರಿ ಸಾಕ್ಷಿ ತಂದಿದೀಯ" ಎಂದು ಅಕ್ಕ ಏಳಹೊರಟಳು. ಅಷ್ಟರಲ್ಲಿ ಟೀವಿಯೊಳಗಿನ ಹುಡುಗಿ ಮೂಗು ಮುಟ್ಟಿಕೊಳ್ಳಲು ಕೈಯೆತ್ತಿದಳು.

"ನಿಲ್ಸು. ಹಿಂದೆ ಹೋಗು. ಅಲ್ಲೇ. ಕೈ ನೋಡು."

ಹುಡುಗಿಯ ಬಲಗೈ ಮಣಿಕಟ್ಟಿನಲ್ಲಿ ಅರಿಸಿನ ಹಚ್ಚಿದ ದಾರ. ಗಂಟುಗಳು ಎದ್ದು ಕಾಣುತ್ತಿದ್ದವು, ಒಂದು ಗಂಟಿನಲ್ಲಿ ಒಣಗಿದ ಹೂವಿನ ತುಣುಕು. ಇಂಟರ್ನೆಟ್ಟಿನಲ್ಲಿ ಅದು ಹಳದಿ ಕಲೆಯಾಗಿ ಕರಗಿಹೋಗಿತ್ತು. ಗಂಟೆಗಟ್ಟಲೆ ಆ ದೃಶ್ಯವನ್ನು ಮಿಕ್ಸ್ ಮಾಡಿದ ನಾನೂ ಅದನ್ನು ಕಂಡಿರಲಿಲ್ಲ. ನನ್ನ ಕಣ್ಣು ಮೂಗಿನ ಮೇಲಿತ್ತು.

"ಇದು ವರಮಹಾಲಕ್ಷ್ಮಿ ದಾರ" ಅಂದಳು ಅಕ್ಕ. ಅವಳೂ ಪ್ರತಿ ವರ್ಷ ಕಟ್ಟಿಕೊಳ್ಳುವವಳೇ. "ಆಪರೇಷನ್ ಯಾವಾಗ ಆಗಿದ್ದು?"

"ಆಷಾಢ ಶುರುವಲ್ಲಿ. ಮದುವೆ ಇಲ್ದೆ ಕೂತಿದ್ನಲ್ಲ, ಆವಾಗ."

"ಭೀಮನ ಅಮಾವಾಸ್ಯೆದೂ ಇರಬಹುದು, ಅವತ್ತೂ ಕಟ್ಕೋತಾರೆ" ಅಂದಳು ಅಮ್ಮ.

"ಇರಲಿ ಅಮ್ಮ. ಅದಾದ್ರೂ ಮೂರು ವಾರದ ಮೇಲಾಯ್ತು. ಇದಾದ್ರೆ ಐದು ವಾರ." ಬೆರಳು ಮಡಚಿ ಎಣಿಸಿದಳು. "ಏಳು ದಿನವಂತೂ ಯಾವ ಲೆಕ್ಕದಲ್ಲೂ ಬರಲ್ಲ."

ಟೇಪು ಮುಂದಕ್ಕೆ ಓಡಿತು. ಹುಡುಗಿ ಕನ್ನಡಿ ಇಳಿಸಿದಳು. ಚಿತ್ರದಲ್ಲಿ ಕಾಣದ ಯಾರೋ ಹೇಳಿದರು: "ಇನ್ನೊಂದ್ಸಲ ಮೇಡಂ. ಈ ಸಲ ಕನ್ನಡಿ ನೋಡಿದ ತಕ್ಷಣ ನಗಿ. ಮದುವೇಲಿ ತಾಳೀನೇ ಎರಡು ಸಲ ಹಿಡಿಸ್ತೀವಿ, ಇದೇನು ಮಹಾ."

"ಡಾಕ್ಟರು ಹೇಳಿದ್ದು ಅಂದ್ಯಲ್ಲ" ಅಂದಳು ಅಕ್ಕ. "ಇದು ನಿನ್ನದೇ ಧ್ವನಿ ಕಣೋ."

ನನಗೆ ಅದು ನನ್ನ ಧ್ವನಿ ಅನ್ನಿಸಲಿಲ್ಲ. ಆದರೆ ಅಮ್ಮ ಕೂಡ ತಲೆಯಾಡಿಸುತ್ತಿದ್ದಳು.

ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಟೀವಿ ಆರಿಸಿ ಕೇಳಿದಳು, "ನಿಜವಾದ ಏಳನೇ ದಿನ ಹೇಗಿತ್ತು ಆ ಹುಡುಗಿ ಮುಖ? ನೀನು ಅಲ್ಲೇ ಇದ್ಯಲ್ಲ."

ಇದ್ದೆ. ಕ್ಯಾಸೆಟ್ಟಿನ ಬಾಗಿಲು ಮುಚ್ಚಿ ತಲೆಯೆತ್ತಿದಾಗ ಅವಳ ಮುಖ ನನ್ನೆದುರೇ ಇತ್ತು. ಆದರೆ ಏನು ಕಂಡೆ ಎಂದು ಹೇಳಲಾಗಲಿಲ್ಲ. ಹಾಳಾದ ಶಾಟು ಎಂದಷ್ಟೇ ನೆನಪು.

ಮಾರನೆಯ ದಿನ ಅಕ್ಕ ನನ್ನನ್ನೂ ಕರೆದುಕೊಂಡು ಕ್ಲಿನಿಕ್ಕಿಗೆ ಹೋದಳು. ಡಾಕ್ಟರು ಒಳ್ಳೆಯ ಮನುಷ್ಯ, ಹಾಗಂತ ಈಗಲೂ ಅನ್ನಿಸುತ್ತದೆ.

"ಏಳನೇ ದಿನ ಪ್ಲಾಸ್ಟರ್ ತೆಗೀತೀವಮ್ಮ, ಅದು ನಿಜಾನೇ" ಅಂದರು. "ಊತ ಇರುತ್ತೆ. ಕಣ್ಣಿನ ಕೆಳಗೆ ಬಣ್ಣ ಕಟ್ಟಿರುತ್ತೆ, ಅದು ಹೋಗೋಕೆ ಎರಡು ವಾರ ಆಗಬಹುದು, ಒಬ್ಬೊಬ್ಬರಿಗೆ ಒಂದೊಂದು ತರ. ಮೂಗು ಪೂರ್ತಿ ಅದರ ಆಕಾರಕ್ಕೆ ಬರೋದಿಕ್ಕೆ ತಿಂಗಳುಗಟ್ಟಲೆ ಬೇಕು."

"ಇದನ್ನ ವಿಡಿಯೋದಲ್ಲಿ ಹಾಕಿಲ್ವಲ್ಲ ಸಾರ್?"

"ಕೇಳಿದ್ರೆ ಹೇಳ್ತಿದ್ದೆ. ವಿಡಿಯೋ ಬರೀ ಒಂದು ಐಡಿಯಾ ಕೊಡೋದಿಕ್ಕೆ."

"ವಿಡಿಯೋ ನೋಡಿದ ಮೇಲೆ ಕೇಳೋದಿಕ್ಕೆ ಏನು ಉಳಿದಿರುತ್ತೆ ಸಾರ್?"

ಡಾಕ್ಟರು ನನ್ನ ಕಡೆ ನೋಡಿದರು. ನಾನು ಗೋಡೆ ನೋಡಿದೆ. ಅದೇ ಬಿಳಿ ಗೋಡೆ. ಶೂಟಿಂಗಿನ ದಿನ ಹಳೇ ಮೂಗಿಗೆ ತಲೆಯ ಮೇಲಿನ ಟ್ಯೂಬ್‌ಲೈಟು, ಹೊಸ ಮೂಗಿಗೆ ಬಿಳಿ ಛತ್ರಿಯಲ್ಲಿ ಬಳಸಿ ತಂದ ಬೆಳಕು, ಇದನ್ನೂ ನಾನೇ ಮಾಡಿದ್ದೆ. ಅದನ್ನು ಯಾರೂ ಕೇಳಲಿಲ್ಲ, ನಾನು ಹೇಳಲಿಲ್ಲ.

ಅಕ್ಕ ದಸರೆಯ ಡೇಟು ಬಿಟ್ಟಳು. ರಜೆಯೆಲ್ಲ ಬೇರೆ ಇಬ್ಬರು ಡಾಕ್ಟರನ್ನು ನೋಡಿದಳು, ರೆಕಾರ್ಡ್ ಪುಸ್ತಕದ ಇನ್ನೊಂದು ಹಾಳೆಯಲ್ಲಿ ಬರೀ ಪ್ರಶ್ನೆಗಳನ್ನು ಬರೆದುಕೊಂಡು. ಕೊನೆಗೆ ಇನ್ನೊಂದು ಆಸ್ಪತ್ರೆಯಲ್ಲಿ, ಬೇಸಿಗೆ ರಜೆಗೆ ಎಂದು ನಿಶ್ಚಯವಾಯಿತು.

ನಾನು ಕ್ಲಿನಿಕ್ಕಿಗೆ ಎರಡು ಸಲ ಹೋಗಿ, ಆ ಟೈಟಲ್ಲನ್ನಾದರೂ ತೆಗೆಯಿರಿ, ಬೇಕಾದರೆ ನಾನೇ ಬೇರೆ ಮಾಡಿಕೊಡುತ್ತೇನೆ ಎಂದೆ. ಅಲ್ಲಿಯ ಮ್ಯಾನೇಜರು, "ಮಾಡೋಣ ಸಾರ್, ಏನಿದೆ ಅದ್ರಲ್ಲಿ" ಅಂದರು. ಏನೂ ಆಗಲಿಲ್ಲ. ವಿಡಿಯೋದ ಕೆಳಗೆ ಜನ ಪ್ರಶ್ನೆ ಕೇಳಲು ಶುರು ಮಾಡಿದ್ದರು. ಲಗ್ಗೆರೆಯವಳು ಎಂದು ಹೇಳಿಕೊಂಡ ಒಬ್ಬಳು, ಗಾರ್ಮೆಂಟ್ಸಿನಲ್ಲಿ ಕೆಲಸ, ಎಂಟನೇ ದಿನ ಡ್ಯೂಟಿಗೆ ಹೋಗಬಹುದಾ ಎಂದು ಕೇಳಿದ್ದಳು. 'ಇಲ್ಲ, ಇದು ಏಳನೇ ದಿನದ ಮುಖವಲ್ಲ, ಡಾಕ್ಟರನ್ನೇ ಕೇಳಿ' ಎಂದು ನಾನು ಸೈಬರಿನಲ್ಲಿ ಕುಳಿತು ಬರೆದೆ. ಮುಂದಿನ ವಾರ ನೋಡಿದಾಗ ನನ್ನ ಉತ್ತರ ಇರಲಿಲ್ಲ. ಅವಳ ಪ್ರಶ್ನೆ ಇತ್ತು. ಅವಳು ಏನು ಮಾಡಿದಳೋ ನನಗೆ ಗೊತ್ತಿಲ್ಲ. ಈ ಬರಹದಲ್ಲಿ ನನ್ನನ್ನು ನಿಜವಾಗಿ ಚುಚ್ಚುವವಳು ಅವಳೊಬ್ಬಳೇ.

ಬೇಸಿಗೆಯಲ್ಲಿ ಅಕ್ಕನ ಆಪರೇಷನ್ ಆಯಿತು. ಅವಳೇ ಹೇಳಿದ್ದು: "ದಿನಾ ನನ್ನ ಮುಖ ತೆಗಿ. ಒಂದೇ ಕಿಟಕಿ, ಒಂದೇ ಹೊತ್ತು, ಪಕ್ಕದಲ್ಲಿ ಅವತ್ತಿನ ಪೇಪರು. ಮಿಕ್ಸಿಂಗ್ ಗಿಕ್ಸಿಂಗ್ ಮಾಡಿದ್ರೆ ನೋಡು." ತೆಗೆದೆ. ಏಳನೇ ದಿನ ಅಲ್ಲಿನ ಡಾಕ್ಟರನ್ನು ಒಪ್ಪಿಸಿ, ಹೊಸ ಕ್ಯಾಸೆಟ್ ಹಾಕಿಕೊಂಡು ನಿಂತೆ. ಪ್ಲಾಸ್ಟರ್ ಕಳಚಿ ಬಂತು. ಕೆಳಗೆ ಮೂಗು ಇರಲಿಲ್ಲ, ಊತವಿತ್ತು. ಅಗಲವಾಗಿ, ಹೊಳೆಯುತ್ತಾ. ಎರಡೂ ಕಣ್ಣಿನ ಕೆಳಗೆ ಹಸಿರಿಗೆ ತಿರುಗಿದ ಹಳದಿ. ಅಕ್ಕ ಕನ್ನಡಿಯನ್ನು ಬಹಳ ಹೊತ್ತು ನೋಡಿದಳು.

"ಇದೇನೋ, ಮೂಗಿನ ಮೇಲೊಂದು ಮೂಗು ಕೂತಂಗಿದೆ" ಅಂದಳು. ನಗಲು ಹೋಗಿ, ನೋವಾಗಿ, ಅರ್ಧಕ್ಕೆ ನಿಲ್ಲಿಸಿದಳು.

ಈಗ ಆ ಕ್ಲಿನಿಕ್ಕಿನ ಹುಡುಗಿಯ ನಿಜವಾದ ಏಳನೇ ದಿನವನ್ನು ನೆನೆಸಿಕೊಂಡರೆ ಮುಖ ಸ್ಪಷ್ಟವಾಗಿ ಕಾಣುತ್ತದೆ: ಊತ, ಹೊಳಪು, ಹಸಿರು ಹಳದಿ. ಹಾಗೆ ಕಾಣುವುದೇ ಅನುಮಾನ. ಅದು ಅಕ್ಕನ ಮುಖ. ನಾನು ಅಲ್ಲಿಯೂ ಮಿಕ್ಸಿಂಗ್ ಮಾಡಿಬಿಟ್ಟಿದ್ದೇನೆ.

"ಇದನ್ನೇ ಇಂಟರ್ನೆಟ್ಟಿಗೆ ಹಾಕೋಣ ಅಕ್ಕ, ಬೇರೆಯವರಿಗೆ ಉಪಯೋಗ ಆಗುತ್ತೆ" ಎಂದೆ, ಅವಳು ಸ್ವಲ್ಪ ಸುಧಾರಿಸಿಕೊಂಡ ಮೇಲೆ.

"ಹುಚ್ಚಾ ನಿಂಗೆ? ನನ್ನ ಹುಡುಗ್ರು ನೋಡಿದ್ರೆ? ಇಷ್ಟೆಲ್ಲ ಮಾಡಿದ್ದು ಯಾಕೆ ಮತ್ತೆ?"

ನ್ಯಾಯವೇ. ಊದಿದ ಮುಖದವರು ಯಾರೂ ತಮ್ಮ ಮುಖವನ್ನು ಅಲ್ಲಿ ಬಿಡುವುದಿಲ್ಲ. ಅಲ್ಲಿ ಉಳಿಯುವುದು ನಾನು ದಳ ಉದುರಿಸಿದಂಥವು. ಅಕ್ಕನ ಕ್ಯಾಸೆಟ್ಟನ್ನು ಅವಳೇ ಇಟ್ಟುಕೊಂಡಳು, ಅದರ ಮೇಲೆ ಯಾರ ಸೀಮಂತವೂ ಕೂರದಿರಲಿ ಎಂದು.

ಜೂನಿನಲ್ಲಿ ಕಾಲೇಜು ತೆರೆಯುವ ಹೊತ್ತಿಗೆ ಬಣ್ಣ ಹೋಗಿತ್ತು, ತುದಿಯಲ್ಲಿ ಮಾತ್ರ ಸ್ವಲ್ಪ ಊತ, ಅದೂ ನಮಗಷ್ಟೇ ಗೊತ್ತಾಗುವಂಥದ್ದು. ಮೊದಲ ದಿನ ಸ್ಟಾಫ್ ರೂಮಿನಲ್ಲಿ ಒಬ್ಬರು, "ಸ್ವಲ್ಪ ಸಣ್ಣ ಆಗಿದೀರ ಅಲ್ವಾ ಮೇಡಂ?" ಎಂದರಂತೆ. ಅಷ್ಟೇ. ಅವಳು ಬಯಸಿದಂತೆಯೇ ಯಾರಿಗೂ ಏನೂ ಹೇಳಬೇಕಾಗಲಿಲ್ಲ.

ಆಷಾಢ ಬಂದಿತ್ತು. ನಾನು ಕೆಲಸವಿಲ್ಲದೆ ಮನೆಯಲ್ಲಿದ್ದೆ. ಅಕ್ಕ ಕಾಲೇಜಿನಿಂದ ಬಂದು ಚಪ್ಪಲಿ ಬಿಡುತ್ತಲೇ ಬಾಗಿಲಲ್ಲಿ ನಿಂತು ನಗತೊಡಗಿದಳು. ಈಗ ನೋವಾಗುತ್ತಿರಲಿಲ್ಲ.

"ಹೊಸ ಬ್ಯಾಚು. ನನ್ನ ಹಳೇ ಮೂಗು ನೋಡೇ ಇಲ್ಲ ಆ ಮಕ್ಕಳು."

"ಏನಾಯ್ತು?"

"ಸೀನಿಯರ್ಸು ಹೇಳಿಕೊಟ್ಟಿದಾರೆ ಅನ್ಸುತ್ತೆ. ಬೋರ್ಡ್ ಮೇಲೆ ಗಿಳಿ ಬರೆದಿದ್ರು ಕಣೋ."

"ನೀನೇನು ಮಾಡ್ದೆ?"

"ಒರೆಸ್ದೆ" ಅಂದಳು ಅಕ್ಕ, ಕೈ ತೊಳೆಯಲು ಒಳಗೆ ಹೋಗುತ್ತಾ. "ಒರೆಸಿ, ಪೀರಿಯಾಡಿಕ್ ಟೇಬಲ್ ಶುರು ಮಾಡ್ದೆ."